ಹಿಮಗುಡ್ಡಗಳ ಕಾವಲು

ಈ ಸ್ಮರಣ ಸಂಚಿಕೆಗೆ ನಾಲ್ಕು ಮಾತುಗಳನ್ನು ಬರೆದುಕೊಡಬೇಕೆಂದು ನಮ್ಮ ವಿದ್ಯಾರ್ಥಿನಿಯರು ಕೇಳಿಕೊಂಡಿರುವರು. ಪಾಠಶಾಲೆಯ ವಾರ್ಷಿಕ ವೃತ್ತಾಂತವು ಬೇರೆ ಪುಟಗಳಲ್ಲಿ ಬರುವುದರಿಂದ, ಯಾವ ವಿಷಯವನ್ನು ಎತ್ತಿಕೊಳ್ಳಬೇಕೆಂದು ಕೆಲವು ದಿನ ಯೋಚಿಸುತ್ತಿದ್ದೆವು. ಕಡೆಗೆ ವಿಷಯವು ನಾವು ಹುಡುಕದೆಯೇ ಭೂಗೋಳದ ತರಗತಿಯಲ್ಲಿ ನಮಗೆ ದೊರೆಯಿತು.

ಅಂದು ಒಂಬತ್ತನೆಯ ತರಗತಿಯಲ್ಲಿ ಸಮುದ್ರದ ಪ್ರವಾಹಗಳ ಪಾಠವು ನಡೆಯುತ್ತಿತ್ತು. ಉತ್ತರ ಅಟ್ಲಾಂಟಿಕ್ ಸಾಗರದ ಪಟದ ಮೇಲೆ ಕೋಲನ್ನಿಟ್ಟು, ಲಾಬ್ರಡಾರ್ ಎಂಬ ತಣ್ಣನೆಯ ಪ್ರವಾಹವು ಉತ್ತರದಿಂದ ಇಳಿದು ಬರುವ ದಾರಿಯನ್ನೂ, ಅದು ತನ್ನ ಸಂಗಡ ಹಿಮದ ಗುಡ್ಡಗಳನ್ನು ಹೊತ್ತು ತಂದು ಹಡಗುಗಳ ಮಾರ್ಗದಲ್ಲಿ ಬಿಡುವುದನ್ನೂ ತೋರಿಸುತ್ತಿದ್ದೆವು. ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿಯು ಎದ್ದು ನಿಂತು, "ಅಮ್ಮನವರೇ, ಆ ಗುಡ್ಡಗಳು ಅಷ್ಟು ಅಪಾಯವುಳ್ಳವುಗಳಾದರೆ ಅವನ್ನು ಒಡೆದು ಹಾಕಬಾರದೇ?" ಎಂದು ಕೇಳಿದಳು. ತರಗತಿಯವರೆಲ್ಲರೂ ನಕ್ಕರು. ನಾವು ನಗಲಿಲ್ಲ. ಯಾಕಂದರೆ ಈ ಪ್ರಶ್ನೆಯನ್ನು ದೊಡ್ಡ ದೊಡ್ಡ ನಾವಿಕರೂ ವಿಜ್ಞಾನಿಗಳೂ ತಮ್ಮೊಳಗೆ ಕೇಳಿಕೊಂಡು, ಅದನ್ನು ಮಾಡಿ ನೋಡಿಯೂ ಇರುವರು. ಉತ್ತರ ಹೇಳಲು ತೊಡಗುವಷ್ಟರಲ್ಲಿ ಗಂಟೆಯಾಯಿತು. ಆ ದಿನ ಬಾಕಿಯಾದ ಉತ್ತರವನ್ನು ಇಲ್ಲಿ ಸಲ್ಲಿಸುತ್ತೇವೆ.

ನಮ್ಮ ಕರಾವಳಿಯ ಹುಡುಗಿಯರಿಗೆ ಸಮುದ್ರವು ಹೊಸದಲ್ಲ. ಆದರೆ ಮಂಜುಗಡ್ಡೆ ಎಂದರೆ ಮೀನು ಕೆಡದಂತೆ ಪೆಟ್ಟಿಗೆಗಳಲ್ಲಿ ಸುರಿಯುವ ಪುಡಿಯೇ ಅವರ ಕಣ್ಣಿಗೆ ಬರುವುದು. ಆದಕಾರಣ ಮೊದಲು ಈ ಗುಡ್ಡಗಳ ಹುಟ್ಟನ್ನು ಹೇಳಬೇಕು. ಗ್ರೀನ್‌ಲೆಂಡ್ ಎಂಬ ಮಹಾದ್ವೀಪವು ಬಹುಮಟ್ಟಿಗೆ ಹಿಮದ ಹೊದಿಕೆಯ ಕೆಳಗೆ ಇರುವುದು. ಸಾವಿರಾರು ವರ್ಷಗಳಿಂದ ಬಿದ್ದ ಹಿಮವು ಒಂದರ ಮೇಲೊಂದು ಪದರವಾಗಿ, ತನ್ನ ಭಾರದಿಂದಲೇ ಒತ್ತಿ ಗಟ್ಟಿಯಾಗಿ, ನದಿಯಂತೆ ಮೆಲ್ಲಮೆಲ್ಲನೆ ಸಮುದ್ರದ ಕಡೆಗೆ ಸರಿಯುವುದು. ಪಶ್ಚಿಮ ತೀರದ ಇಲುಲಿಸಾಟ್ ಊರಿನ ಬಳಿಯಲ್ಲಿರುವ ಹಿಮನದಿಯು ಇಂಥವುಗಳಲ್ಲಿ ಹೆಸರಾದದ್ದು. ಇದರ ತುದಿಯು ನೀರಿಗೆ ಚಾಚಿದಾಗ ಮುರಿದು ಬೀಳುವ ತುಂಡುಗಳೇ ಹಿಮಗುಡ್ಡಗಳು. ಅವು ಬಾಫಿನ್ ಕೊಲ್ಲಿಯನ್ನು ಸುತ್ತಿ, ಲಾಬ್ರಡಾರ್ ತೀರವನ್ನು ಹಿಡಿದು, ಒಂದರಿಂದ ಮೂರು ವರ್ಷಗಳ ತನಕ ಪ್ರಯಾಣ ಮಾಡಿ, ನ್ಯೂಫೌಂಡ್‌ಲೆಂಡಿನ ಮುಂದಿರುವ ಗ್ರಾಂಡ್ ಬ್ಯಾಂಕ್ಸ್ ಎಂಬ ತಿಟ್ಟಿನ ನೀರಿಗೆ ಬಂದು ಸೇರುವುವು. ಹೊರಟವುಗಳಲ್ಲಿ ಬಹುಪಾಲು ದಾರಿಯಲ್ಲಿಯೇ ಕರಗಿಹೋಗುವುವು. ಕೆಲವು ಮಾತ್ರವೇ ದಕ್ಷಿಣಕ್ಕೆ ತಲುಪುವುವು. ಆದರೆ ತಲುಪುವ ಸ್ಥಳವು ಎಂಥದು? ಯೂರೋಪಿಗೂ ಅಮೇರಿಕಕ್ಕೂ ನಡುವೆ ಹಡಗುಗಳು ಓಡಾಡುವ ಹೆದ್ದಾರಿಯೇ ಅದು. ಅಲ್ಲಿಯೇ ತಣ್ಣನೆಯ ಲಾಬ್ರಡಾರ್ ಪ್ರವಾಹವು ಬಿಸಿಯಾದ ಗಲ್ಫ್ ಪ್ರವಾಹವನ್ನು ಸಂಧಿಸುವುದರಿಂದ ದಟ್ಟವಾದ ಮಂಜು ಕವಿಯುವುದು. ಗುಡ್ಡದ ಎಂಟು ಪಾಲುಗಳಲ್ಲಿ ಸುಮಾರು ಒಂದು ಪಾಲು ಮಾತ್ರ ನೀರಿನ ಮೇಲೆ ಕಾಣುವುದು. ಉಳಿದದ್ದೆಲ್ಲ ಕೆಳಗೆ ಅಡಗಿರುವುದು.

ಇಂಥ ಒಂದು ಗುಡ್ಡಕ್ಕೆ ತಾಗಿ ಟೈಟಾನಿಕ್ ಹಡಗು ಮುಳುಗಿದ ಸಂಗತಿಯನ್ನು ತಿಳಿಯದವರಿಲ್ಲ. ಅದು ೧೯೧೨ನೆಯ ಇಸವಿ ಏಪ್ರಿಲ್ ೧೦ರಂದು ಇಂಗ್ಲೆಂಡಿನ ಸೌತಾಂಪ್ಟನ್ ರೇವಿನಿಂದ ತನ್ನ ಮೊದಲನೆಯ ಪ್ರಯಾಣಕ್ಕೆ ಹೊರಟಿತು. ಏಪ್ರಿಲ್ ೧೪ರ ರಾತ್ರಿ ೧೧ ಗಂಟೆ ೪೦ ನಿಮಿಷಕ್ಕೆ ಗುಡ್ಡಕ್ಕೆ ತಾಗಿತು. ಮರುದಿನ ಬೆಳಗಿನ ಜಾವ ೨ ಗಂಟೆ ೨೦ ನಿಮಿಷಕ್ಕೆ ಸಮುದ್ರದ ತಳಕ್ಕೆ ಇಳಿದುಹೋಯಿತು. ೧೫೦೦ಕ್ಕಿಂತ ಹೆಚ್ಚು ಜನರು ಸತ್ತರು. ಇಷ್ಟನ್ನು ಎಲ್ಲರೂ ಬಲ್ಲರು. ಆದರೆ ಆ ದಿವಸ ಹಡಗಿಗೆ ಎಚ್ಚರಿಕೆಯು ಬಂದಿರಲಿಲ್ಲವೆಂದು ಅನೇಕರು ತಿಳಿದುಕೊಂಡಿರುವರು. ಅದು ಸರಿಯಲ್ಲ. ಎಚ್ಚರಿಕೆಗಳು ಬಂದಿದ್ದವು, ಒಂದಲ್ಲ, ಹಲವು ಬಂದಿದ್ದವು.

ಮಧ್ಯಾಹ್ನದಲ್ಲಿ ಬಾಲ್ಟಿಕ್ ಎಂಬ ಹಡಗು, ಮುಂದೆ ಹಿಮವಿದೆಯೆಂದು ನಿಸ್ತಂತು ವರ್ತಮಾನವನ್ನು ಕಳುಹಿಸಿತು. ಕಪ್ತಾನನು ಆ ಕಾಗದವನ್ನು ಪ್ರಯಾಣದಲ್ಲಿದ್ದ ಕಂಪೆನಿಯ ಮುಖ್ಯಸ್ಥನಿಗೆ ಕೊಟ್ಟನು. ಆತನು ಅದನ್ನು ಜೇಬಿನಲ್ಲಿಟ್ಟುಕೊಂಡು ಇಬ್ಬರು ಪ್ರಯಾಣಿಕರಿಗೆ ತೋರಿಸಿದನು. ಸಾಯಂಕಾಲದಲ್ಲಿ ಕಪ್ತಾನನು ತಿರಿಗಿ ಕೇಳುವ ತನಕ ಅದು ಆ ಜೇಬಿನಲ್ಲಿಯೇ ಇತ್ತು. ರಾತ್ರಿ ಒಂಬತ್ತೂವರೆ ಗಂಟೆ ದಾಟಿದ ಮೇಲೆ ಮೆಸಾಬ ಎಂಬ ಹಡಗಿನಿಂದ, ಟೈಟಾನಿಕ್ ಹೋಗುತ್ತಿದ್ದ ದಾರಿಯಲ್ಲಿಯೇ ಬಹು ದೊಡ್ಡ ಗುಡ್ಡಗಳಿವೆಯೆಂಬ ವರ್ತಮಾನವು ಬಂದಿತು. ನಿಸ್ತಂತು ಕೋಣೆಯಲ್ಲಿ ಪ್ರಯಾಣಿಕರ ಖಾಸಗಿ ತಂತಿಗಳು ರಾಶಿಯಾಗಿ ಬಿದ್ದಿದ್ದವು. ಹಿಂದಿನ ದಿವಸ ಯಂತ್ರವು ಕೆಟ್ಟಿದ್ದುದರಿಂದ ಕೆಲಸವು ಹಿಂದೆ ಬಿದ್ದಿತ್ತು. ಹೀಗಿರಲಾಗಿ ಮೆಸಾಬದ ಕಾಗದವು ಹಡಗನ್ನು ನಡಿಸುವವರ ಮೇಲಟ್ಟಕ್ಕೆ ಹೋಗಲೇ ಇಲ್ಲ. ಹನ್ನೊಂದು ಗಂಟೆಯ ಸುಮಾರಿಗೆ, ಹೆಚ್ಚು ದೂರವಲ್ಲದ ಕಡೆ ಹಿಮದ ನಡುವೆ ನಿಂತುಹೋಗಿದ್ದ ಕ್ಯಾಲಿಫೋರ್ನಿಯನ್ ಎಂಬ ಹಡಗಿನವನು ತಮ್ಮ ಸ್ಥಿತಿಯನ್ನು ತಿಳಿಸಹೋದಾಗ, ಕೆಲಸಕ್ಕೆ ಅಡ್ಡ ಬರಬೇಡವೆಂದು ಅವನ ಬಾಯನ್ನು ಕಟ್ಟಿಸಿದರು. ಅವನು ಯಂತ್ರವನ್ನು ನಿಲ್ಲಿಸಿ ಮಲಗಿಕೊಂಡನು. ಟೈಟಾನಿಕ್ ಗಂಟೆಗೆ ಸುಮಾರು ೨೨ ನಾವಿಕ ಮೈಲಿಗಳ ವೇಗದಿಂದ ಕತ್ತಲೆಯೊಳಗೆ ಹೋಗುತ್ತಲೇ ಇತ್ತು.

ಆ ನಿಸ್ತಂತು ಕೋಣೆಯಲ್ಲಿದ್ದ ಜಾಕ್ ಫಿಲಿಪ್ಸ್ ಎಂಬ ಯುವಕನನ್ನು ನಾವು ನಿಂದಿಸುವುದಿಲ್ಲ. ಅವನು ಸೋಮಾರಿಯಲ್ಲ. ಅಪಾಯವು ತಿಳಿದ ಮೇಲೆ ಹಡಗು ಮುಳುಗುವ ಸಮಯದ ತನಕ ಯಂತ್ರವನ್ನು ಬಿಡದೆ ಸಹಾಯಕ್ಕಾಗಿ ಕರೆಯುತ್ತಿದ್ದು ಆ ರಾತ್ರಿ ಪ್ರಾಣವನ್ನು ಕೊಟ್ಟನು. ಅವನ ಕರೆಯನ್ನು ಕೇಳಿದ ಕಾರ್ಪೇಥಿಯ ಎಂಬ ಹಡಗು ಬಂದು ದೋಣಿಗಳಲ್ಲಿದ್ದ ೭೦೦ಕ್ಕೂ ಹೆಚ್ಚು ಜನರನ್ನು ಎತ್ತಿಕೊಂಡಿತು. ಕಾರ್ಪೇಥಿಯದ ನಿಸ್ತಂತು ಯಂತ್ರದವನೂ ಅಷ್ಟು ಹೊತ್ತಿಗೆ ಮಲಗಲು ಸಿದ್ಧನಾಗುತ್ತಿದ್ದನು. ಕಿವಿಯಿಂದ ಯಂತ್ರವನ್ನು ಇನ್ನೂ ತೆಗೆದಿರಲಿಲ್ಲ. ಕೆಟ್ಟವರು ಮಾತ್ರವೇ ಕೇಡಿಗೆ ಕಾರಣರಾಗುವರೆಂದು ಎಣಿಸಬಾರದು. ಕೆಲಸದ ಅವಸರದಲ್ಲಿರುವ ಒಳ್ಳೆಯವರಿಂದಲೂ ಅದು ಆಗುವುದು.

ಆ ರಾತ್ರಿಯ ದುಃಖವು ನಮ್ಮ ದೇಶದ ಬಾಲಿಕಾ ಪಾಠಶಾಲೆಯೊಂದಕ್ಕೂ ಮುಟ್ಟಿತೆಂಬುದನ್ನು ನಮ್ಮ ಹುಡುಗಿಯರು ತಿಳಿದಿರಲಾರರು. ಅಮೇರಿಕದ ಪೆನ್ಸಿಲ್ವೇನಿಯದವರಾದ ಆನಿ ಫಂಕ್ ಎಂಬ ಮೆನ್ನೊನೈಟ್ ಸಭೆಯ ಸಹೋದರಿಯು ೧೯೦೬ರಲ್ಲಿ ಹಿಂದೂಸ್ಥಾನಕ್ಕೆ ಬಂದು, ಈಗ ಛತ್ತೀಸಗಢಕ್ಕೆ ಸೇರಿರುವ ಜಾಂಜಗೀರ್ ಎಂಬ ಊರಿನಲ್ಲಿ ಹದಿನೇಳು ಹುಡುಗಿಯರನ್ನು ಕೂಡಿಸಿಕೊಂಡು ಪಾಠಶಾಲೆಯನ್ನು ತೆರೆದರು. ೧೯೧೨ರಲ್ಲಿ ತಾಯಿಗೆ ಕಾಯಿಲೆಯೆಂದೂ ಕೂಡಲೇ ಹೊರಟು ಬರಬೇಕೆಂದೂ ಅವರಿಗೆ ತಂತಿಯು ಬಂದಿತು. ಅವರು ಮುಂಬಯಿಯಿಂದ ಹಡಗು ಹತ್ತಿ ಇಂಗ್ಲೆಂಡಿಗೆ ತಲುಪಿದರು. ಅಲ್ಲಿಂದ ಹೋಗಬೇಕಾಗಿದ್ದ ಹಡಗು ಕಲ್ಲಿದ್ದಲಿನ ಮುಷ್ಕರದಿಂದ ತಡವಾದ ಕಾರಣ, ಬೇಗ ತಲುಪಬೇಕೆಂಬ ಆತುರದಿಂದ ಇನ್ನಷ್ಟು ಹಣ ತೆತ್ತು ಟೈಟಾನಿಕ್ ಹಡಗನ್ನು ಹತ್ತಿದರು. ಏಪ್ರಿಲ್ ೧೨ರಂದು ಅವರಿಗೆ ಹಡಗಿನ ಮೇಲೆಯೇ ೩೮ ವರ್ಷ ತುಂಬಿತು. ಮೂರು ದಿನಗಳ ಮೇಲೆ ಅವರು ಇರಲಿಲ್ಲ. ದೋಣಿಯಲ್ಲಿ ತಮಗೆ ದೊರೆತ ಸ್ಥಳವನ್ನು ಮಕ್ಕಳ ತಾಯಿಯೊಬ್ಬಳಿಗೆ ಬಿಟ್ಟುಕೊಟ್ಟರೆಂದು ಹೇಳುವರು. ಅವರ ಶರೀರವು ಸಿಕ್ಕಲಿಲ್ಲ. ಜಾಂಜಗೀರಿನ ಪಾಠಶಾಲೆಗೆ ತರುವಾಯ ಅವರ ಹೆಸರನ್ನಿಟ್ಟರು.

ಇದನ್ನು ಓದುವಾಗಲೆಲ್ಲ ಒಂದು ವಿಚಾರವು ನಮ್ಮ ಮನಸ್ಸನ್ನು ಚುಚ್ಚುವುದು. ತಾಯಿಗೆ ಕಾಯಿಲೆಯೆಂಬ ಮಾತು ಪೆನ್ಸಿಲ್ವೇನಿಯದಿಂದ ಸಮುದ್ರಗಳನ್ನು ದಾಟಿ ಭರತಖಂಡದ ಒಳಗಿನ ಸಣ್ಣ ಊರಿಗೆ, ಯಾರ ಕೈಗೆ ಸೇರಬೇಕೋ ಅವರ ಕೈಗೇ ಬಂದು ಸೇರಿತು. ಮುಂದೆ ಹಿಮವಿದೆಯೆಂಬ ಮಾತಾದರೋ, ಅದೇ ಹಡಗಿನ ನಿಸ್ತಂತು ಕೋಣೆಯಿಂದ ಹೊರಗೆ ಬಂದು ಮೇಲಟ್ಟಕ್ಕೆ ಹೋಗಲಾರದೆ ಹೋಯಿತು. ದೂರವು ದೊಡ್ಡ ಅಡ್ಡಿಯಲ್ಲ. ಕಡೆಯ ಹತ್ತು ಹೆಜ್ಜೆಗಳೇ ಅಡ್ಡಿ.

ಈ ಹತ್ತು ಹೆಜ್ಜೆಗಳ ವಿಷಯದಲ್ಲಿ ಲೋಕವು ಆಗ ಬುದ್ಧಿ ಕಲಿತುಕೊಂಡಿತೆಂದು ಹೇಳಬೇಕು. ೧೯೧೨ರಲ್ಲಿಯೇ ಅಮೇರಿಕದ ನೌಕಾಪಡೆಯ ಬರ್ಮಿಂಗ್‌ಹ್ಯಾಮ್, ಚೆಸ್ಟರ್ ಎಂಬ ಎರಡು ಹಡಗುಗಳನ್ನು ಆ ನೀರಿನಲ್ಲಿ ಕಾವಲಿಗೆ ನಿಲ್ಲಿಸಿದರು. ೧೯೧೩ರಲ್ಲಿ ಸೆನೆಕ, ಮಯಾಮಿ ಎಂಬ ಸರಕಾರಿ ನೌಕೆಗಳು ಆ ಕೆಲಸವನ್ನು ವಹಿಸಿಕೊಂಡವು. ಅದೇ ವರ್ಷದ ನವೆಂಬರಿನಲ್ಲಿ ಹದಿಮೂರು ರಾಷ್ಟ್ರಗಳವರು ಲಂಡನಿನಲ್ಲಿ ಸಭೆ ಸೇರಿ, ೧೯೧೪ನೆಯ ಜನವರಿ ೨೦ರಂದು ಒಡಂಬಡಿಕೆಗೆ ಕೈಹಾಕಿದರು. ಅದರಂತೆ ಅಂತರರಾಷ್ಟ್ರೀಯ ಹಿಮಗಸ್ತು ಎಂಬ ಶಾಶ್ವತವಾದ ಕಾವಲು ಏರ್ಪಟ್ಟಿತು. ಕೆಲಸವನ್ನು ಅಮೇರಿಕದವರು ನಡಿಸತಕ್ಕದ್ದು. ಖರ್ಚನ್ನು ಹಡಗುಗಳುಳ್ಳ ರಾಷ್ಟ್ರಗಳು ಹಂಚಿಕೊಳ್ಳತಕ್ಕದ್ದು. ಅಪಾಯಕರವಾದ ಹಿಮವನ್ನು ಕಂಡ ಕಪ್ತಾನನು ಸಮೀಪದ ಹಡಗುಗಳಿಗೆ ಅದನ್ನು ತಿಳಿಸತಕ್ಕದ್ದು. ದಾರಿಯಲ್ಲಿ ಹಿಮವಿದೆಯೆಂದು ಕೇಳಿದ ಕಪ್ತಾನನು ರಾತ್ರಿಯಲ್ಲಿ ವೇಗವನ್ನು ಮಿತಗೊಳಿಸತಕ್ಕದ್ದು, ಇಲ್ಲವೆ ದೂರವಾಗಿ ಸುತ್ತಿಕೊಂಡು ಹೋಗತಕ್ಕದ್ದು. ಹೇಳುವವನಿಗೆ ಮಾತ್ರವಲ್ಲ, ಕೇಳುವವನಿಗೂ ಈ ಕಟ್ಟಳೆಯು ಕರ್ತವ್ಯವನ್ನು ಹಾಕಿತು.

ಮೊದಲಿನ ದಿನಗಳಲ್ಲಿ ಈ ಕಾವಲು ಹೇಗೆ ನಡೆಯುತ್ತಿತ್ತೆಂದರೆ, ಎಲ್ಲಾ ಗುಡ್ಡಗಳಿಗಿಂತ ದಕ್ಷಿಣಕ್ಕೆ ಬಂದಿರುವ ಗುಡ್ಡ ಯಾವುದೆಂದು ಹುಡುಕಿ, ನೌಕೆಯು ಅದರ ಮಗ್ಗುಲಲ್ಲಿಯೇ ಹಗಲೂ ಇರುಳೂ ತೇಲಿಕೊಂಡಿರುವುದು. ಹಾಯುವ ಹೋರಿಯ ಹಿಂದೆ ಊರಿನ ಹುಡುಗನೊಬ್ಬನು ಕೂಗುತ್ತಾ ನಡೆಯುವಂತೆ, ಗುಡ್ಡವು ಹೋದಲ್ಲಿಗೆ ಹೋಗುತ್ತಾ, ಇಗೋ ಇದು ಇಂಥಲ್ಲಿದೆಯೆಂದು ನಿಸ್ತಂತುವಿನ ಮೂಲಕ ಸಾರುತ್ತಾ ಇರುವುದು. ಮಂಜಿನಲ್ಲಿಯೂ ಬಿರುಗಾಳಿಯಲ್ಲಿಯೂ ವಾರಗಟ್ಟಳೆ ಹೀಗೆ ಕಾಯುವುದು ಎಷ್ಟು ಬೇಸರದ ಕೆಲಸವೆಂದು ಊಹಿಸಿಕೊಳ್ಳಿರಿ. ೧೯೨೮ರಲ್ಲಿ ಎಡ್ವರ್ಡ್ ಸ್ಮಿತ್ ಎಂಬ ಅಧಿಕಾರಿಯು ಮೇರಿಯನ್ ಎಂಬ ಸಣ್ಣ ನೌಕೆಯನ್ನು ತೆಗೆದುಕೊಂಡು ಗ್ರೀನ್‌ಲೆಂಡಿಗೂ ಲಾಬ್ರಡಾರಿಗೂ ನಡುವಣ ಸಮುದ್ರವನ್ನು ಅಳೆದು ಬಂದನು. ಪ್ರವಾಹಗಳ ನಡೆಯನ್ನು ಬಲ್ಲವರು ಗುಡ್ಡಗಳ ನಡೆಯನ್ನೂ ಮುಂಚಿತವಾಗಿ ಹೇಳಬಹುದೆಂಬುದು ಅವನ ಪ್ರಯತ್ನವಾಗಿತ್ತು. ಹಿಮಗುಡ್ಡದ ಸ್ಮಿತ್ ಎಂದೇ ಅವನಿಗೆ ಅಡ್ಡಹೆಸರಾಯಿತು. ೧೯೪೬ರಿಂದ ವಿಮಾನಗಳು ಹಾರಿ ನೋಡತೊಡಗಿದವು. ೧೯೮೩ರಿಂದ, ಮಂಜನ್ನೂ ಮೋಡವನ್ನೂ ಭೇದಿಸಿ ನೋಡುವ ರೇಡಾರ್ ಯಂತ್ರವನ್ನು ವಿಮಾನದ ಪಕ್ಕೆಗೆ ಕಟ್ಟಿದರು. ಈಗಲಾದರೆ ಭೂಮಿಯನ್ನು ಸುತ್ತುವ ಉಪಗ್ರಹಗಳೇ ಈ ಕಾವಲಿನ ಹೆಚ್ಚು ಪಾಲನ್ನು ಮಾಡುತ್ತಿವೆ. ಕಂಡ ಗುಡ್ಡಗಳ ಸ್ಥಳ, ಗಾಳಿ, ಪ್ರವಾಹ, ನೀರಿನ ಬಿಸಿ, ಅಲೆಗಳ ಎತ್ತರ ಇವುಗಳನ್ನೆಲ್ಲ ಗಣಕಯಂತ್ರಕ್ಕೆ ಕೊಟ್ಟು, ಯಾವ ಗುಡ್ಡ ಎಲ್ಲಿಗೆ ಸರಿಯುವುದು, ಎಷ್ಟು ಕರಗುವುದು ಎಂದು ಲೆಕ್ಕ ಹಾಕುವರು. ಆ ಮೇಲೆ ಪಟದ ಮೇಲೆ ಒಂದು ಗೆರೆಯನ್ನೆಳೆದು, ಈ ಗೆರೆಯ ಆಚೆಗೆ ಹಿಮಗುಡ್ಡಗಳಿರಬಹುದೆಂದು ದಿನಂಪ್ರತಿ ಹಡಗುಗಳಿಗೆಲ್ಲ ತಿಳಿಸುವರು. ಕೆನಡ ದೇಶದ ಹಿಮ ಇಲಾಖೆಯವರೂ ಈ ಕೆಲಸದಲ್ಲಿ ಜೊತೆಗಾರರು.

ಗುಡ್ಡಗಳು ವರ್ಷವರ್ಷಕ್ಕೂ ಒಂದೇ ಸಮನಾಗಿ ಬರುವುದಿಲ್ಲ. ಉತ್ತರ ಅಕ್ಷಾಂಶದ ೪೮ನೆಯ ಗೆರೆಯನ್ನು ದಾಟಿದವುಗಳನ್ನು ಲೆಕ್ಕ ಮಾಡುವುದು ವಾಡಿಕೆ. ೧೯೮೪ರಲ್ಲಿ ಅಂಥವು ೨,೨೦೨ ಇದ್ದವು. ೧೯೬೬ರಲ್ಲಿಯೂ ೨೦೦೬ರಲ್ಲಿಯೂ ಒಂದಾದರೂ ದಾಟಲಿಲ್ಲ. ಒಂದೂ ಬಾರದ ವರ್ಷದಲ್ಲಿ ಕಾವಲಿನವರು ಏನು ಮಾಡಿದರು? ಬಂದ ವರ್ಷದಂತೆಯೇ ಕಾದರು. ಏನೂ ಇಲ್ಲವೆಂದು ನಿಶ್ಚಯವಾಗಿ ಹೇಳಬೇಕಾದರೂ ಒಬ್ಬರು ಹೋಗಿ ನೋಡಿಯೇ ತೀರಬೇಕಷ್ಟೆ.

ಇನ್ನು ನಮ್ಮ ಹುಡುಗಿಯ ಪ್ರಶ್ನೆಗೆ ಬರೋಣ. ಗುಡ್ಡವನ್ನು ಒಡೆಯಬಾರದೇ? ಒಡೆಯಲು ನೋಡಿದರು. ಫಿರಂಗಿಗಳಿಂದ ಹೊಡೆದರು; ಸಿಡಿಮದ್ದನ್ನಿಟ್ಟರು; ೧೯೫೯-೬೦ರ ಸುಮಾರಿಗೆ ವಿಮಾನದಿಂದ ಬೆಂಕಿಯ ಗುಂಡುಗಳನ್ನು ಹಾಕಿದರು; ಬಿಸಿಲನ್ನು ಹೀರಿ ಬೇಗ ಕರಗಲಿ ಎಂದು ಮಸಿಯನ್ನು ಕೂಡ ಬಳಿದು ನೋಡಿದರು. ಗುಡ್ಡದ ಅಂಚು ಅಷ್ಟಿಷ್ಟು ಉದುರಿತೇ ಹೊರತು ಗುಡ್ಡವು ಗುಡ್ಡವಾಗಿಯೇ ಉಳಿಯಿತು. ಒಡೆದರೂ ಸುಖವಿಲ್ಲ. ದೊಡ್ಡ ಗುಡ್ಡವು ದೂರದಿಂದ ಕಾಣುವುದು. ಅದರಿಂದ ಮುರಿದ ಮನೆಯಷ್ಟು ದೊಡ್ಡ ತುಂಡು ಅಲೆಗಳ ನಡುವೆ ಅಡಗಿಕೊಂಡು ರೇಡಾರಿಗೂ ಸುಲಭವಾಗಿ ಸಿಕ್ಕದು. ಆದಕಾರಣ ಅವರು ಒಡೆಯುವ ಯೋಚನೆಯನ್ನು ಬಿಟ್ಟು ನೋಡುವ, ಹೇಳುವ, ಕೇಳುವ ಕೆಲಸಗಳನ್ನೇ ನೆಚ್ಚಿಕೊಂಡರು.

ಅದರಿಂದಾದ ಫಲವೇನು? ಎರಡು ಮಹಾಯುದ್ಧಗಳ ಕಾಲದಲ್ಲಿ ನಿಂತುದನ್ನು ಬಿಟ್ಟರೆ ನೂರು ವರ್ಷಗಳಿಗೂ ಮೀರಿ ಈ ಕಾವಲು ನಡೆದು ಬಂದಿದೆ. ಇಷ್ಟು ಕಾಲದಲ್ಲಿ ಅವರ ಮಾತಿಗೆ ಕಿವಿಗೊಟ್ಟು ಅವರು ಎಳೆದ ಗೆರೆಯಿಂದ ದೂರವಿದ್ದ ಯಾವ ಹಡಗಿನಲ್ಲಿಯೂ ಹಿಮಗುಡ್ಡದಿಂದ ಒಂದು ಜೀವವೂ ಹೋದದ್ದಿಲ್ಲ. ಕಾವಲಿಲ್ಲದ ನೀರಿನ ಸಂಗತಿಯು ಬೇರೆ. ೧೯೫೯ನೆಯ ಜನವರಿ ೩೦ರಂದು ಹಾನ್ಸ್ ಹೆಡ್‌ಟಾಫ್ಟ್ ಎಂಬ ಡೆನ್ಮಾರ್ಕಿನ ಹೊಸ ಹಡಗು ತನ್ನ ಮೊದಲನೆಯ ಪ್ರಯಾಣವನ್ನು ಮುಗಿಸಿ ಹಿಂದಿರುಗುವಾಗ, ಗ್ರೀನ್‌ಲೆಂಡಿನ ದಕ್ಷಿಣ ತುದಿಯ ಬಳಿ ಗುಡ್ಡಕ್ಕೆ ತಾಗಿ ೯೫ ಜನರೊಂದಿಗೆ ಮುಳುಗಿತು. ಹಿಮಗಸ್ತಿನವರ ಕಾವಲು ಆ ನೀರಿಗೆ ಚಾಚಿರಲಿಲ್ಲ. ಕೆಲವು ತಿಂಗಳುಗಳ ಮೇಲೆ ಅದರ ಹೆಸರುಳ್ಳ ಒಂದು ತೇಲುಬಳೆಯು ಐಸ್‌ಲೆಂಡಿನ ದಡಕ್ಕೆ ಬಂದು ಬಿತ್ತು.

ದೂರದ ಸಮುದ್ರದ ಕಥೆಯನ್ನು ಇಷ್ಟು ವಿಸ್ತಾರವಾಗಿ ಹೇಳಿದ ಮೇಲೆ, ಇದು ನಮ್ಮ ಮನಸ್ಸಿಗೆ ಏಕೆ ಇಷ್ಟು ಹತ್ತಿರವಾಯಿತೆಂಬುದನ್ನು ಮುಚ್ಚಿಡುವುದು ಸರಿಯಲ್ಲ.

ಕೆಲವು ವರ್ಷಗಳ ಹಿಂದೆ ಆಷಾಢದ ಮಳೆಗಾಲದಲ್ಲಿ, ತನಿಖೆಗೆ ಅಧಿಕಾರಿಗಳು ಬರುವ ವಾರ ಅದು. ನಮ್ಮ ಮೇಜಿನ ಮೇಲೆ ಹಾಜರಿ ಪುಸ್ತಕಗಳೂ ಲೆಕ್ಕದ ಪಟ್ಟಿಗಳೂ ಬೆಟ್ಟವಾಗಿದ್ದವು. ಮುದುಕನಾದ ನಮ್ಮ ಕಾವಲುಗಾರನಿಗೆ ಬರಹ ಬಾರದು. ಅವನು ಒಬ್ಬ ಹುಡುಗಿಯ ಕೈಯಿಂದ ಒಂದು ಚೀಟಿಯನ್ನು ಬರೆಯಿಸಿ ಕಳುಹಿಸಿದನು: ಬಾವಿಯ ಕಡೆಯ ಗೋಡೆಯು ಹೊಟ್ಟೆ ಬಂದಿದೆ. ನಾವು ಅದನ್ನು ಓದಿದೆವು. ಓದಿಲ್ಲವೆಂದು ಹೇಳಲಾರೆವು. ತನಿಖೆಯು ಮುಗಿಯಲಿ, ಮೇಸ್ತ್ರಿಯನ್ನು ಕರೆಯಿಸೋಣವೆಂದು ಅಂದುಕೊಂಡು, ಚೀಟಿಯನ್ನು ಗಾಜಿನ ಭಾರದ ಕೆಳಗೆ ಇಟ್ಟೆವು. ಅದರ ಮೇಲೆ ಇನ್ನೊಂದು ಕಾಗದ ಬಂದಿತು. ಅದರ ಮೇಲೆ ಮತ್ತೊಂದು. ನಾಲ್ಕನೆಯ ರಾತ್ರಿ, ಸುಮಾರು ಮೂರು ಗಂಟೆಗೆ, ಮಳೆಯ ನಡುವೆ ಆ ಗೋಡೆಯು ಉದ್ದಕ್ಕೂ ಮಲಗಿಕೊಂಡಿತು.

ಪ್ರತಿದಿನ ಬೆಳಿಗ್ಗೆ ಐದೂವರೆ ಗಂಟೆಗೆ ವಿದ್ಯಾರ್ಥಿನಿಲಯದ ನಲವತ್ತು ಹುಡುಗಿಯರು ಆ ಗೋಡೆಗೆ ಬೆನ್ನು ಕೊಟ್ಟು, ಚೊಂಬು ಹಿಡಿದು, ನೀರಿಗಾಗಿ ಸಾಲು ನಿಲ್ಲುತ್ತಿದ್ದರು.

ಯಾರಿಗೂ ಏನೂ ಆಗಲಿಲ್ಲ. ನಡುವೆ ಎರಡೂವರೆ ಗಂಟೆಗಳಿದ್ದವು. ಅದು ದೇವರ ಕೃಪೆಯಲ್ಲದೆ ನಮ್ಮ ಜಾಣತನವಲ್ಲ. ಲಾಂದ್ರ ಹಿಡಿದು ಹೋಗಿ ನೋಡುವಾಗ ಕಾವಲುಗಾರನು ಕಲ್ಲುಗಳ ಪಕ್ಕದಲ್ಲಿ ನಿಂತಿದ್ದನು. ಅವನು ದೂರು ಹೇಳಲಿಲ್ಲ. "ಚೀಟಿ ತಮಗೆ ತಲುಪಲಿಲ್ಲವೋ ಏನೋ ಅಂದುಕೊಂಡೆ, ಅಮ್ಮಾ" ಎಂದು ಮಾತ್ರ ಹೇಳಿದನು. ತಲುಪಿತ್ತು ಎಂದು ಹೇಳುವುದಕ್ಕೆ ನಮಗೆ ಬಾಯಿ ಬರಲಿಲ್ಲ. ಮರುದಿನ ಹೇಳಿದೆವು. ಹೇಳಿ, ಕ್ಷಮೆಯನ್ನೂ ಕೇಳಿಕೊಂಡೆವು. ಟೈಟಾನಿಕ್ಕಿನ ವೃತ್ತಾಂತವನ್ನು ಅದಕ್ಕೆ ಮುಂಚೆಯೂ ಎಷ್ಟೋ ಸಾರಿ ಪಾಠ ಹೇಳಿದ್ದೆವು. ಜೇಬಿನಲ್ಲಿ ಉಳಿದ ಕಾಗದದ ಸಂಗತಿಯು ಬಂದಾಗ, ಎಂಥ ಅಜಾಗರೂಕತೆಯೆಂದು ಮಕ್ಕಳ ಮುಂದೆ ತಲೆಯಾಡಿಸುತ್ತಲೂ ಇದ್ದೆವು.

ಅಂದಿನಿಂದ ನಮ್ಮ ಕೋಣೆಯ ಬಾಗಿಲ ಬಳಿ ಒಂದು ಪುಸ್ತಕವನ್ನು ತೂಗಹಾಕಿರುವುದನ್ನು ನೀವೆಲ್ಲರೂ ಕಂಡಿರುವಿರಿ. ಅಡಿಗೆಯವಳಿಂದ ಮೊದಲುಗೊಂಡು ಆರನೆಯ ತರಗತಿಯ ಮಗುವಿನ ತನಕ, ಅಪಾಯವೆಂದು ಯಾರಿಗೆ ಏನು ತೋರಿದರೂ ಅದರಲ್ಲಿ ಬರೆಯಬಹುದು. ಬರೆಯಲು ಬಾರದವರಿಗೆ ಬರೆದುಕೊಡತಕ್ಕದ್ದು. ಬೆಳಗಿನ ಗಂಟೆಗೆ ಮುಂಚೆ ನಾವು ಅದನ್ನು ಓದಿ, ಹೋಗಿ ನೋಡಿ, ಕೆಳಗೆ ನಮ್ಮ ಕೈಬರಹವನ್ನು ಹಾಕುವೆವು. ಅನೇಕ ದಿವಸಗಳಲ್ಲಿ ಆ ಪುಟವು ಬರಿದಾಗಿರುವುದು. ಬರಿದಾದ ಪುಟಕ್ಕೂ ಸಹಿಯನ್ನು ಹಾಕುವೆವು. ಇದೇಕೆಂದು ಕೆಲವು ಉಪಾಧ್ಯಾಯಿನಿಯರು ಮೊದಲಲ್ಲಿ ನಕ್ಕದ್ದುಂಟು. ೧೯೬೬ರಲ್ಲಿಯೂ ೨೦೦೬ರಲ್ಲಿಯೂ ಹಿಮಗಸ್ತಿನವರು ಮಾಡಿದ್ದು ಇದನ್ನೇ ಎಂದು ಈಗ ಅವರಿಗೆ ತಿಳಿಯುವುದು.

ಪ್ರತಿ ವರ್ಷ ಏಪ್ರಿಲ್ ತಿಂಗಳಲ್ಲಿ ಹಿಮಗಸ್ತಿನವರು ಟೈಟಾನಿಕ್ಕಿನಲ್ಲಿ ಮಡಿದವರ ನೆನಪಿಗಾಗಿ ಆ ಸಮುದ್ರದಲ್ಲಿ ಹೂವಿನ ಮಾಲೆಯನ್ನು ಅರ್ಪಿಸುವ ಪದ್ಧತಿಯುಂಟು. ಅದು ಜಾಂಜಗೀರಿನ ಆ ಉಪಾಧ್ಯಾಯಿನಿಗೂ ಸಲ್ಲುವುದು. ಮಾಲೆಯನ್ನು ಹಾಕಿದವರು ತಿರಿಗಿ ತಮ್ಮ ಕೆಲಸಕ್ಕೆ ಹೋಗುವರು. ಯಾಕಂದರೆ ಏಪ್ರಿಲ್ ಎಂಬುದು ಗುಡ್ಡಗಳು ಇಳಿದು ಬರುವ ಕಾಲ.

ಈ ವರ್ಷ ಶಾಲೆಯನ್ನು ಬಿಟ್ಟು ಹೋಗುವ ಹುಡುಗಿಯರೇ, ನಿಮ್ಮಲ್ಲಿ ಕೆಲವರು ದಾದಿಯರಾಗುವಿರಿ, ಕೆಲವರು ಉಪಾಧ್ಯಾಯಿನಿಯರಾಗುವಿರಿ, ಅನೇಕರು ಮನೆಗಳನ್ನು ನಡಿಸುವಿರಿ. ಯಾವಾಗಲಾದರೂ ನಿಮ್ಮ ಕೈಗೆ ಒಂದು ಚೀಟಿಯು ಬರುವುದು. ಬರುವ ವೇಳೆಯು ಖಂಡಿತವಾಗಿ ನಿಮಗೆ ಪುರುಸೊತ್ತಿಲ್ಲದ ವೇಳೆಯಾಗಿರುವುದು. ಆಗ ನಮ್ಮ ಗಾಜಿನ ಭಾರವನ್ನು ನೆನಪು ಮಾಡಿಕೊಳ್ಳಿರಿ.

ಇದನ್ನು ಬರೆದು ಮುಗಿಸುವ ಹೊತ್ತಿಗೆ ಬಾಗಿಲ ಬಳಿಯ ಪುಸ್ತಕವನ್ನು ತೆರೆದು ನೋಡಿದೆವು. ಗುಡ್ಡವನ್ನು ಒಡೆಯಬಾರದೇ ಎಂದು ಕೇಳಿದ ಹುಡುಗಿಯ ಅಕ್ಷರಗಳೇ ಅಲ್ಲಿದ್ದವು: ಮಹಡಿಯ ಏಳನೆಯ ಮೆಟ್ಟಿಲ ಹಲಗೆ ಅಲುಗಾಡುತ್ತದೆ. ಆಚಾರಿಗೆ ಹೇಳಿಕಳುಹಿಸಿದೆವು. ಅವನು ಬರುವ ತನಕ, ಆ ಮೆಟ್ಟಿಲ ಬಳಿ ಹುಡುಗಿಯರನ್ನು ಎಚ್ಚರಿಸುತ್ತಾ ನಿಂತಿರುವ ಕೆಲಸವು ಅವಳದೇ ಆಯಿತು.